ಬೋರಿನ ನೀರು, ತಾರಸಿಯ ಬಿಸಿಲು

ಕೋಲಾರದ ಟಮಕ, ಮಾಲೂರಿನ ಹೊಸ ಬಡಾವಣೆಗಳು, ಮುಳಬಾಗಿಲಿನ ಹೆದ್ದಾರಿ ಅಂಚು, ಶ್ರೀನಿವಾಸಪುರದ ಚಿಂತಾಮಣಿ ರಸ್ತೆ, ಎಲ್ಲಿ ನೋಡಿದರೂ ಮೂವತ್ತು-ನಲವತ್ತರ ನಿವೇಶನದಲ್ಲಿ ಹೊಸ ಮನೆ ಎದ್ದಿರುತ್ತದೆ. ಕಟ್ಟಿಸಿದವರು ಮೇಷ್ಟ್ರು, ಟೊಮೆಟೊದಲ್ಲಿ ಒಂದು ವರ್ಷ ಕೈಯಲ್ಲಿ ಹಣ ಕಂಡ ರೈತರು, ನರಸಾಪುರ-ವೇಮಗಲ್ ಕಡೆಯ ಕಾರ್ಖಾನೆಗಳಲ್ಲಿ ಕಾಯಂ ಆದ ಹುಡುಗರು. ಬಹುಪಾಲು ಜನಕ್ಕೆ ಸ್ವಂತ ಹೆಸರಿನ ಮೊದಲ ಮನೆ ಇದೇ. ತಾರಸಿ ಹತ್ತಿ ನೋಡಿದರೆ ನೀರಿನ ಟ್ಯಾಂಕು, ಅದರ ಪಕ್ಕ ಸೋಲಾರ್. ಈಚೆಗೆ ಗೋಡೆಯ ಮೇಲೊಂದು ಏಸಿಯ ಹೊರಪೆಟ್ಟಿಗೆಯೂ ಕಾಣುತ್ತದೆ.

ಇವರ ತಂದೆ-ತಾಯಿಗೆ ಮನೆಯ ಆರೈಕೆ ಚೆನ್ನಾಗಿಯೇ ಗೊತ್ತಿತ್ತು. ಮಳೆಗೆ ಮುಂಚೆ ಹೆಂಚು ಕೈಯಾಡಿಸುವುದು, ಮಾಳಿಗೆಗೆ ಮಣ್ಣು ಬಡಿಯುವುದು, ಹಬ್ಬಕ್ಕೆ ಸುಣ್ಣ ಬಳಿಯುವುದು, ಹಂಡೆಗೆ ಹುಣಸೆಹಣ್ಣು ತಿಕ್ಕುವುದು, ಎಲ್ಲಕ್ಕೂ ಒಂದೊಂದು ಕಾಲವಿತ್ತು. ಆರ್‌ಸಿಸಿ ತಾರಸಿಗೆ, ಗೀಸರಿಗೆ, ಸೋಲಾರಿಗೆ ಅಂಥ ಪಂಚಾಂಗ ಇನ್ನೂ ಹುಟ್ಟಿಲ್ಲ. ಕೆಟ್ಟಾಗ ಮೆಕ್ಯಾನಿಕ್‌ಗೆ ಫೋನು ಹಚ್ಚುವುದೇ ಈಗಿನ ಆರೈಕೆ. ಕಂಪನಿಗಳು ಕೊಡುವ ಕೈಪಿಡಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರುತ್ತದೆ. ಅದನ್ನು ಬರೆದವರ ಕಣ್ಣ ಮುಂದಿರುವುದು ಕೋಣೆಯನ್ನೇ ಬೆಚ್ಚಗಿಡಬೇಕಾದ ಚಳಿಯ ನಾಡು, ಇಲ್ಲವೇ ದೆಹಲಿಯ ಬೇಸಿಗೆ. ಕೋಲಾರ ಸಮುದ್ರಮಟ್ಟದಿಂದ ಎಂಟುನೂರು ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ಕೋಣೆಗೆ ಕಾವು ಬೇಕಿಲ್ಲ, ಸ್ನಾನದ ನೀರಿಗೆ ಬೇಕು. ತಂಪು ಬೇಕಾಗುವುದು ಶಿವರಾತ್ರಿ ಕಳೆದ ಮೇಲಿನ ಎರಡು-ಮೂರು ತಿಂಗಳು, ಅದೂ ಮುಖ್ಯವಾಗಿ ರಾತ್ರಿ ಹೊತ್ತು.

ಹಾಗಾಗಿ ಈ ನಾಲ್ಕು ತಾಲ್ಲೂಕುಗಳಲ್ಲಿ ಆರೈಕೆಯ ಪ್ರಶ್ನೆಯ ಬುಡ ಯಂತ್ರದಲ್ಲಿಲ್ಲ ಎಂಬುದು ನನ್ನ ಅಭಿಪ್ರಾಯ. ಗೀಸರು ಸುಡುವುದು, ಸೋಲಾರ್ ಬಿಸಿಯಾಗದಿರುವುದು, ಕೂಲರು ಗಾಳಿ ಬಿಡದಿರುವುದು, ಕಡೆಗೆ ಅರ್ತಿಂಗ್ ಕೈಕೊಡುವುದು ಕೂಡ ನೀರಿನ ಕಥೆಯೇ. ಒಂದೋ ನೀರು ಗಡುಸು, ಇಲ್ಲವೇ ನೀರೇ ಇಲ್ಲ.

ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆಗಳು ಒಣಗಿದ ಮೇಲೆ ಬೋರುಗಳು ಸಾವಿರ, ಸಾವಿರದೈನೂರು ಅಡಿಗೆ ಇಳಿದವು. ಅಷ್ಟು ಆಳದ ಗ್ರಾನೈಟ್ ಬಿರುಕುಗಳಲ್ಲಿ ಕಾಲಾಂತರ ನಿಂತ ನೀರು ಕಲ್ಲಿನ ಉಪ್ಪನ್ನೆಲ್ಲ ಕರಗಿಸಿಕೊಂಡೇ ಮೇಲೆ ಬರುತ್ತದೆ. ಫ್ಲೋರೈಡ್ ವಿಷಯ ಎಲ್ಲರಿಗೂ ಗೊತ್ತು. ಊರೂರಲ್ಲಿ ಶುದ್ಧ ನೀರಿನ ಘಟಕ ಎದ್ದಿದ್ದು ಅದಕ್ಕೇ. ಆದರೆ ಘಟಕದ ಕ್ಯಾನಿನ ನೀರು ಕುಡಿಯಲಿಕ್ಕೆ. ಬಚ್ಚಲಿಗೆ, ಗೀಸರಿಗೆ, ಕೂಲರಿಗೆ ಹೋಗುವುದು ಬೋರಿನ ನೀರೇ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೈಕಾರ್ಬನೇಟ್ ಆಗಿ ಕರಗಿಕೊಂಡಿರುತ್ತವೆ. ನೀರು ಕಾದಾಗ ಆ ಬಂಧ ಮುರಿದು ಕ್ಯಾಲ್ಸಿಯಂ ಕಾರ್ಬನೇಟ್, ಅಂದರೆ ಸುಣ್ಣಕಲ್ಲಿನ ಅಂಶ, ಬಿಸಿಯಾದ ಜಾಗದಲ್ಲೇ ಕಚ್ಚಿಕೊಳ್ಳುತ್ತದೆ. ಅರವತ್ತು ಡಿಗ್ರಿ ದಾಟಿದರೆ ಇದು ಬಹಳ ಬೇಗ ನಡೆಯುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದೆನ್ನುತ್ತದೆ. ನಿಮ್ಮ ಬೋರಿನದು ಎಷ್ಟು? ಮನೆಗೆ ನಲವತ್ತು ಲಕ್ಷ ಸುರಿದವರು ನಾಲ್ಕೈದು ನೂರು ರೂಪಾಯಿಯ ಈ ಪರೀಕ್ಷೆ ಮಾಡಿಸಿರುವುದಿಲ್ಲ. ಗೀಸರು ಯಾವುದು, ಸೋಲಾರ್ ಯಾವ ಬಗೆಯದು, ವರ್ಷಕ್ಕೆ ಎಷ್ಟು ಸಲ ತೊಳೆಸಬೇಕು, ಇವೆಲ್ಲ ನಿರ್ಧಾರವಾಗಬೇಕಾದದ್ದು ಆ ಒಂದು ಚೀಟಿಯ ಮೇಲೆ.

ನಾಲ್ಕೂ ಊರುಗಳ ನೀರು ಒಂದೇ ತರಹ ಇಲ್ಲ ಎನ್ನುವುದನ್ನೂ ಇಲ್ಲಿಯೇ ಹೇಳಬೇಕು. ಬಂಗಾರಪೇಟೆ ತಾಲ್ಲೂಕಿನ ಯರಗೋಳ್ ಅಣೆಕಟ್ಟು 2023ರ ನವೆಂಬರಿನಲ್ಲಿ ಉದ್ಘಾಟನೆಯಾಯಿತು. ಅದರ ನೀರು ಕೋಲಾರ, ಮಾಲೂರು, ಬಂಗಾರಪೇಟೆ ಪಟ್ಟಣಗಳಿಗೆಂದು. ಮುಳಬಾಗಿಲು, ಶ್ರೀನಿವಾಸಪುರ ಆ ಪಟ್ಟಿಯಲ್ಲಿಲ್ಲ. ಮಳೆಯಿಂದ ತುಂಬುವ ಅಣೆಕಟ್ಟಿನ ನೀರು ಆಳದ ಬೋರಿನ ನೀರಿಗಿಂತ ಮೆದು. ಅಂದಮೇಲೆ ಒಂದೇ ಕಂಪನಿಯ ಒಂದೇ ಗೀಸರು ಮಾಲೂರಿನ ನಲ್ಲಿ ನೀರಿನ ಮನೆಯಲ್ಲಿ ಬಾಳುವಷ್ಟು ಮುಳಬಾಗಿಲಿನ ಬೋರಿನ ಮನೆಯಲ್ಲಿ ಬಾಳಬೇಕೆಂದೇನಿಲ್ಲ. ಇನ್ನು 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಯಿಂದ ಶುರುವಾಗಿ ಕೆರೆಯಿಂದ ಕೆರೆಗೆ ಹರಿಯುತ್ತಿದೆ. ಬತ್ತಿದ್ದ ಬೋರುಗಳಲ್ಲಿ ನೀರು ಬಂದಿದೆ ಎಂದು ಸಂತೋಷಪಡುವವರೂ ಇದ್ದಾರೆ, ಮೂರನೇ ಹಂತದ ಶುದ್ಧೀಕರಣವಿಲ್ಲದೆ ಅಂತರ್ಜಲಕ್ಕೆ ಏನೇನು ಇಳಿಯುತ್ತದೋ ಎಂದು ಹೋರಾಡುವವರೂ ಇದ್ದಾರೆ. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿಬಂತು. ಮನೆಯ ಮಟ್ಟಿಗೆ ತಾತ್ಪರ್ಯ ಇಷ್ಟೇ: ಐದು ವರ್ಷದ ಹಿಂದಿನ ನೀರಿನ ವರದಿಯನ್ನು ಈಗ ನಂಬಿ ಕೂರಬಾರದು.

ಗೀಸರಿನ ಹೊಟ್ಟೆಯಲ್ಲಿ ಎರಡು ಕಡ್ಡಿಗಳಿರುತ್ತವೆ. ಒಂದು ಕಾಯಿಸುವ ಕಾಯಿಲ್. ಇನ್ನೊಂದು ಮೆಗ್ನೀಸಿಯಂ ಕಡ್ಡಿ, ಆನೋಡ್. ಎರಡನೆಯದರ ಕೆಲಸ ತಾನು ಸವೆದು ಟ್ಯಾಂಕನ್ನು ಉಳಿಸುವುದು. ಹೆಚ್ಚಿನ ಮಾಲೀಕರಿಗೆ ಅಂಥದೊಂದು ಕಡ್ಡಿ ಇದೆಯೆಂದೇ ಗೊತ್ತಿರುವುದಿಲ್ಲ. ಗಡುಸು ನೀರಿನಲ್ಲಿ ಅದನ್ನು ವರ್ಷಕ್ಕೊಮ್ಮೆ ಬಿಚ್ಚಿ ನೋಡಬೇಕು. ಪೆನ್ಸಿಲಿನಷ್ಟು ಸಣ್ಣಗಾಗಿದ್ದರೆ ಬದಲಿಸಬೇಕು. ಕಾಯಿಲ್ ಮೇಲೆ ಉಪ್ಪು ಕಟ್ಟಿದರೆ ಕಾವು ನೀರಿಗೆ ದಾಟದೆ ಒಳಗೇ ಉಳಿದು ಕಾಯಿಲ್ ಒಡೆಯುತ್ತದೆ. ಅದಕ್ಕೆ ಮುಂಚೆ ಒಳಗಿನಿಂದ ಗುಳುಗುಳು, ಟಪಟಪ ಸದ್ದು ಬರುತ್ತದೆ. ಆ ಸದ್ದು ಕೇಳಿದಾಗಲೇ ಸರ್ವಿಸ್ ಮಾಡಿಸಬೇಕು. ಥರ್ಮೋಸ್ಟಾಟನ್ನು ಕೊನೆಯವರೆಗೂ ತಿರುಗಿಸಿ ಇಡುವ ಅಭ್ಯಾಸ ಬಿಟ್ಟರೆ ಅರ್ಧ ರೋಗ ಬರುವುದೇ ಇಲ್ಲ: ಐವತ್ತು, ಐವತ್ತೈದು ಡಿಗ್ರಿ ಸ್ನಾನಕ್ಕೆ ಧಾರಾಳ. ಖರ್ಚಿನ ಲೆಕ್ಕವೂ ಸರಳ. ಹದಿನೈದು ಲೀಟರ್ ನೀರನ್ನು ಮೂವತ್ತೈದು ಡಿಗ್ರಿ ಏರಿಸಲು ಸುಮಾರು 0.6 ಯೂನಿಟ್ ಸಾಕು. ಎರಡು ಕಿಲೋವ್ಯಾಟಿನ ಗೀಸರಿಗೆ ಇಪ್ಪತ್ತು ನಿಮಿಷದ ಕೆಲಸ. ನಿಮ್ಮ ಮನೆಯಲ್ಲಿ ಮುಕ್ಕಾಲು ಗಂಟೆ ಆಗುತ್ತಿದ್ದರೆ ಗೀಸರನ್ನು ಬಿಚ್ಚಿಸಿ ನೋಡಬೇಕು.

ತೊಳೆಯುವವರ ಕೈಯಲ್ಲಿ ಯಾವ ಬಾಟಲಿ ಇದೆ ನೋಡಿ. ಬಚ್ಚಲು ತೊಳೆಯುವ ಆಸಿಡ್ಡನ್ನೇ ಟ್ಯಾಂಕಿಗೆ ಸುರಿಯುವವರಿದ್ದಾರೆ. ಉಪ್ಪು ಕ್ಷಣದಲ್ಲಿ ಕರಗುತ್ತದೆ, ಸ್ಟೀಲಿಗೂ ಸೂಜಿಮೊನೆಯಷ್ಟು ತೂತು ಬೀಳುತ್ತದೆ. ನಿಂಬೆ ಉಪ್ಪಿನ ದ್ರಾವಣ ನಿಧಾನ, ಆದರೆ ಟ್ಯಾಂಕಿಗೆ ಸೌಮ್ಯ. ಹುಣಸೆಯ ಹುಳಿಯಿಂದ ಹಂಡೆ ಬೆಳಗಿದವರಿಗೆ ಹುಳಿಯ ಗುಣ ವಿವರಿಸಬೇಕಾಗಿಲ್ಲ. ಪೈಪಿಗೆ ಅಯಸ್ಕಾಂತ ಸುತ್ತಿ ಗಡುಸು ತೆಗೆಯುತ್ತೇವೆ ಎನ್ನುವವರನ್ನು ನಾನಂತೂ ನಂಬುವುದಿಲ್ಲ. ಉಪ್ಪು ಹಾಕಿ ನಡೆಸುವ ಸಾಫ್ಟ್‌ನರ್ ನಿಜವಾಗಿ ಕೆಲಸ ಮಾಡುತ್ತದೆ, ಆದರೆ ಅದು ತೊಳೆದು ಬಿಡುವ ಉಪ್ಪುನೀರು ಎಲ್ಲಿಗೆ ಹೋಗಬೇಕು? ಗಿಡಕ್ಕೆ ಬಿಟ್ಟರೆ ಗಿಡ ಸಾಯುತ್ತದೆ, ಇಂಗುಗುಂಡಿಗೆ ಬಿಟ್ಟರೆ ಮತ್ತೆ ನಮ್ಮದೇ ಬೋರು. ಇಡೀ ಮನೆಗೆ ಹಾಕಿಸುವ ಬದಲು ಗೀಸರಿಗೆ ಹೋಗುವ ಪೈಪಿಗಷ್ಟೇ ಉಪ್ಪು ಕಟ್ಟದಂತೆ ತಡೆಯುವ ಸಣ್ಣ ಫಿಲ್ಟರ್ ಕೂರಿಸುವುದು ಬಡಪಾಯಿ ಉಪಾಯವಾದರೂ ಹೆಚ್ಚು ಜನರ ಕೈಗೆ ಎಟುಕುವಂಥದು.

ಸೋಲಾರಿನ ಕಥೆ ಇನ್ನೂ ಉದ್ದ. ಬೆಸ್ಕಾಂ ವ್ಯಾಪ್ತಿಯಲ್ಲಿ ಒಂದು ಅಳತೆ ಮೀರಿದ ಹೊಸ ಮನೆಗೆ ವಿದ್ಯುತ್ ಸಂಪರ್ಕ ಬೇಕೆಂದರೆ ಸೋಲಾರ್ ವಾಟರ್ ಹೀಟರ್ ಇರಲೇಬೇಕೆಂಬ ನಿಯಮವಿದೆ. ಹಾಕಿಸಿಕೊಂಡವರಿಗೆ ಯೂನಿಟ್ಟಿಗೆ ಐವತ್ತು ಪೈಸೆಯಂತೆ, ತಿಂಗಳಿಗೆ ಐವತ್ತು ರೂಪಾಯಿ ಮೀರದಂತೆ ರಿಯಾಯಿತಿಯೂ ಬಹುಕಾಲ ನಡೆದುಬಂತು. ಕರ್ನಾಟಕದ ತಾರಸಿಗಳ ಮೇಲೆ ಇಷ್ಟೊಂದು ಸೋಲಾರ್ ಕಾಣುವುದಕ್ಕೆ ಇದು ದೊಡ್ಡ ಕಾರಣ. ಆದರೆ ನಿಯಮ ನೋಡುವುದು ಸೋಲಾರ್ ಇದೆಯೇ ಎಂದು. ಅದರೊಳಗೆ ಯಾವ ನೀರು ಹರಿಯುತ್ತದೆ ಎಂದು ಯಾರೂ ಕೇಳುವುದಿಲ್ಲ.

ಈಗ ಹೆಚ್ಚು ಮಾರಾಟವಾಗುವುದು ಗಾಜಿನ ಕೊಳವೆಗಳ ಸೋಲಾರ್. ಕೊಳವೆಯೊಳಗೇ ನೀರು ನಿಂತು ಕಾಯುತ್ತದೆ, ಬಿಸಿನೀರು ಹಗುರಾಗಿ ಮೇಲಿನ ಟ್ಯಾಂಕಿಗೆ ಏರುತ್ತದೆ. ಗಡುಸು ನೀರಾದರೆ ಉದುರಿದ ಸುಣ್ಣ ಕೊಳವೆಯ ಬುಡದಲ್ಲಿ ಕೂರುತ್ತದೆ. ಹೊರಗಿನಿಂದ ಏನೂ ಕಾಣದು. ಮೊದಲು ಎಂಟು ಬಕೆಟ್ ಬರುತ್ತಿದ್ದ ಬಿಸಿನೀರು ಐದಕ್ಕಿಳಿಯುತ್ತದೆ, ಮನೆಯವರು ಮೋಡದ ಮೇಲೆ ತಪ್ಪು ಹೊರಿಸುತ್ತಾರೆ. ವರ್ಷಕ್ಕೊಮ್ಮೆ ಕೊಳವೆ ಬಿಚ್ಚಿ ತೊಳೆಸಬೇಕು. ಹಳೆಯ ತಾಮ್ರದ ಹಲಗೆಯ ಸೋಲಾರ್ ಕಲ್ಲು ಬಿದ್ದರೂ ತಡೆಯುವಷ್ಟು ಗಟ್ಟಿ, ಆದರೆ ಅದರ ಸಣ್ಣ ತಾಮ್ರದ ಪೈಪು ಒಮ್ಮೆ ಕಟ್ಟಿಕೊಂಡರೆ ಬಿಡಿಸುವುದು ಕಷ್ಟ. ಬೋರಿನ ನೀರು ತೀರಾ ಗಡುಸಾಗಿದ್ದರೆ ಹೀಟ್ ಎಕ್ಸ್‌ಚೇಂಜರ್ ಇರುವ ಮಾದರಿ ಕೇಳಬೇಕು. ಅದರಲ್ಲಿ ಹಲಗೆಯೊಳಗೆ ಸುತ್ತುವ ನೀರೇ ಬೇರೆ, ಮೈಮೇಲೆ ಸುರಿದುಕೊಳ್ಳುವ ನೀರೇ ಬೇರೆ. ಬೆಲೆ ಹೆಚ್ಚೆಂದು ಅಂಗಡಿಯವರೇ ಅದನ್ನು ತೋರಿಸುವುದಿಲ್ಲ.

ಅಂದಹಾಗೆ, ಕೊಳವೆಗಳು ಒಡೆಯುವುದು ಹೆಚ್ಚಾಗಿ ಬೇಸಿಗೆಯ ಮಧ್ಯಾಹ್ನ, ಅದಕ್ಕೆ ಕಾರಣ ಮಂಗಗಳಲ್ಲ. ಟ್ಯಾಂಕಿನಲ್ಲಿ ನೀರು ಖಾಲಿಯಾಗಿ ಒಣ ಕೊಳವೆ ಬೆಳಗಿನಿಂದ ಕಾದಿರುತ್ತದೆ. ಎರಡು ಗಂಟೆಗೆ ಕರೆಂಟ್ ಬಂದು ಮೋಟಾರು ಓಡಿ ತಣ್ಣೀರು ನುಗ್ಗಿದ ಕೂಡಲೇ ಗಾಜು ಸಿಡಿಯುತ್ತದೆ. ಹಳ್ಳಿಯ ಕಡೆ ಮೂರು ಫೇಸ್ ಯಾವಾಗ ಬರುತ್ತದೋ ಆಗ ನೀರು ತುಂಬಿಸುವವರು ಇದನ್ನು ನೆನಪಿಡಬೇಕು. ಖಾಲಿಯಾಗಿದ್ದರೆ ಸೂರ್ಯ ಇಳಿದ ಮೇಲೆ ಅಥವಾ ಮುಂಜಾನೆ ತುಂಬಿಸಿ. ತಾರಸಿಯ ಮೇಲೆ ನೆಟ್ಟಗೆ ನಿಂತಿರುವ ಗಾಳಿ ಪೈಪಿನಿಂದ ಆಗಾಗ ನೀರು ಉಕ್ಕುತ್ತದೆಂದು ಅದಕ್ಕೆ ಮುಚ್ಚಳ ಬಡಿಯುವ ಜಾಣರಿದ್ದಾರೆ. ಅದು ಹಬೆ ಹೊರಹೋಗುವ ದಾರಿ, ಮುಚ್ಚಿದರೆ ಟ್ಯಾಂಕೇ ಉಬ್ಬಿ ಬಿರಿಯುತ್ತದೆ. ಬೇಸಿಗೆಯಲ್ಲಿ ಸೋಲಾರ್ ನೀರು ಎಪ್ಪತ್ತು-ಎಂಬತ್ತು ಡಿಗ್ರಿಗೆ ಹೋಗುವುದುಂಟು. ಮಕ್ಕಳು ಒಂಟಿಯಾಗಿ ನಲ್ಲಿ ತಿರುಗಿಸುವ ಮನೆಯಲ್ಲಿ ಅರ್ಧ ಕೊಳವೆಗಳಿಗೆ ಗೋಣಿ ಹೊದಿಸಿದರೂ ಸಾಕು.

ಕರೆಂಟು, ಗ್ಯಾಸಿನ ಅಪಾಯದ ಮಾತು ಚಿಕ್ಕದು, ಆದರೆ ಜೀವದ್ದು. ಗ್ಯಾಸ್ ಗೀಸರನ್ನು ಕಿಟಕಿಯಿಲ್ಲದ ಬಚ್ಚಲಿನೊಳಗೆ ಕೂರಿಸಬಾರದು. ಅರೆಬರೆ ಉರಿದ ಗ್ಯಾಸು ಬಿಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಸ್ನಾನಕ್ಕೆ ಹೋದವರು ಕುಸಿದು ಬೀಳುವವರೆಗೆ ಗೊತ್ತಾಗುವುದಿಲ್ಲ. ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಹೊಸ ಮನೆಗೆ ಬರಲೇಬಾರದು. ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ ಮೂವತ್ತು ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ, ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಬೇಕು. ಮತ್ತೆ ಅರ್ತಿಂಗ್: ಉಪ್ಪು, ಇದ್ದಿಲು ತುಂಬಿದ ಗುಂಡಿ ಒದ್ದೆಯಾಗಿದ್ದರಷ್ಟೇ ಭೂಮಿಗೆ ಕರೆಂಟು ಸಲೀಸಾಗಿ ಇಳಿಯುತ್ತದೆ. ನಮ್ಮ ಕೆಂಪು ಗರಸು ಮಣ್ಣು, ಅದರ ಕೆಳಗಿನ ಬಂಡೆ, ಏಪ್ರಿಲ್ ಹೊತ್ತಿಗೆ ಒಣಗಿ ಇಟ್ಟಿಗೆಯಾಗಿರುತ್ತವೆ. ತುಳಸಿಗೆ ನೀರು ಹಾಕುವ ಕೈ ಅರ್ತಿಂಗ್ ಗುಂಡಿಗೂ ವಾರಕ್ಕೊಂದು ಕೊಡ ಹಾಕಲಿ.

ಇನ್ನು ತಂಪು. ಇಲ್ಲಿ ನಾವು ಕಳೆದುಕೊಂಡದ್ದು ದೊಡ್ಡದು. ಮುಳಬಾಗಿಲು ಸುತ್ತಿನ ಹಳೆಯ ಕಲ್ಲು ಚಪ್ಪಡಿಯ ಮನೆಗಳು, ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಮಾಳಿಗೆಯ ಮೇಲಿನ ಮಣ್ಣು, ಇವೆಲ್ಲ ಹಗಲಿನ ಕಾವು ಒಳಗಿಳಿಯಲು ಬಿಡುತ್ತಿರಲಿಲ್ಲ. ಮಾಲೂರಿನ ಹೆಂಚು, ಇಟ್ಟಿಗೆ ಕಾರ್ಖಾನೆಗಳು ದಕ್ಷಿಣದ ಎಷ್ಟೋ ಊರಿಗೆ ಸೂರು ಕೊಟ್ಟವು. ಹೆಂಚಿನ ಸಂದುಗಳಲ್ಲಿ ಬಿಸಿಗಾಳಿ ತಾನಾಗಿ ಹೊರಹೋಗುತ್ತಿತ್ತು. ಈಗ ಮಾಲೂರಿನಲ್ಲೇ ಹೊಸ ಮನೆಗೆ ಹೆಂಚಿಲ್ಲ. ಐದಿಂಚಿನ ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿದು, ಸಂಜೆ ಏಳರಿಂದ ನಡುರಾತ್ರಿಯವರೆಗೆ ಅದನ್ನು ಮಂಚದ ಮೇಲೆ ಇಳಿಸುತ್ತದೆ. ಹೊರಗೆ ತಣ್ಣನೆ ಗಾಳಿ ಬೀಸುತ್ತಿರುವಾಗ ಒಳಗೆ ಬೇಯುವ ವಿಚಿತ್ರ ಇದು. ಎಂಟುನೂರು ಮೀಟರ್ ಎತ್ತರದ ಊರಿಗೆ ಪ್ರಕೃತಿ ಕೊಟ್ಟ ತಂಪು ರಾತ್ರಿಯನ್ನು ನಾವೇ ಸ್ಲ್ಯಾಬ್ ಹಾಕಿ ತಡೆದಿದ್ದೇವೆ.

ಮೊದಲ ಖರ್ಚು ತಾರಸಿಗೇ ಆಗಬೇಕು ಎನ್ನುವುದು ಅದಕ್ಕೆ. ಸುಣ್ಣಕ್ಕೆ ಅಂಟು ಬೆರೆಸಿ ಎರಡು ಕೋಟ್ ಬಳಿದರೂ ಒಳಗಿನ ಸೆಕೆ ಎರಡು-ಮೂರು ಡಿಗ್ರಿ ಇಳಿಯುವುದುಂಟು. ಮಳೆಗೆ ಅದು ತೊಳೆದುಹೋಗುತ್ತದೆ, ಪ್ರತಿ ಫೆಬ್ರುವರಿಯಲ್ಲಿ ಮತ್ತೆ ಬಳಿಯಬೇಕು. ದುಬಾರಿ ಬಿಳಿ ಬಣ್ಣ ಕೆಲವು ವರ್ಷ ನಿಲ್ಲುತ್ತದೆ. ಧೂಳು ಕೂತರೆ ಎರಡೂ ವ್ಯರ್ಥ, ಗುಡಿಸಬೇಕು. ಪಕ್ಕದ ತೆಲಂಗಾಣ 2023ರಲ್ಲಿ ತಂಪು ಸೂರಿಗೆಂದೇ ಒಂದು ನೀತಿ ತಂದಿತು. ನಮ್ಮಲ್ಲಿ ನಗರಸಭೆ, ಪುರಸಭೆಗಳು ನಕ್ಷೆ ಮಂಜೂರು ಮಾಡುವಾಗ ಮಳೆನೀರು ಕೊಯ್ಲಿನ ಜೊತೆ ಇದನ್ನೂ ಒಂದು ಸಾಲು ಸೇರಿಸಿದರೆ ಯಾರ ಗಂಟೂ ಹೋಗುವುದಿಲ್ಲ.

ಬಿಸಿಲು-ಗಾಳಿಯ ಈ ವಿದ್ಯೆ ನಮ್ಮ ಜನಕ್ಕೆ ಹೊಸದೇ? ರೇಷ್ಮೆ ಬೆಳೆಗಾರರ ಹುಳುಮನೆಗೆ ಹೋಗಿ ನೋಡಬೇಕು. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 27-28 ಡಿಗ್ರಿ ಕಾವು, ಎಂಬತ್ತು ದಾಟಿದ ತೇವಾಂಶ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ, ಹುಳುವಿಗೆ 24-25 ಡಿಗ್ರಿ, ಎಪ್ಪತ್ತರ ಸುಮಾರು ತೇವಾಂಶ, ಮೇಲಾಗಿ ಗಾಳಿಯಾಡಬೇಕು. ಗೋಡೆಯ ಬುಡದಲ್ಲಿ ಗಾಳಿಕಿಂಡಿ, ಸೂರಿನಡಿ ಇನ್ನೊಂದು ಕಿಂಡಿ, ಕಿಟಕಿಗೆ ಒದ್ದೆ ಗೋಣಿ, ಸೂರಿನ ಮೇಲೆ ತೆಂಗಿನ ಗರಿ, ಗೋಡೆಗೆ ನೇತುಹಾಕಿದ ತೇವದ ಮಾಪಕ. ಬೆಳೆ ಮುಗಿದ ಕೂಡಲೇ ಬ್ಲೀಚಿಂಗ್ ಪುಡಿ ಹಾಕಿ ತೊಳೆತ. ಶ್ರೀನಿವಾಸಪುರ, ಮುಳಬಾಗಿಲು ಕಡೆ ಇಷ್ಟು ಅಚ್ಚುಕಟ್ಟಾಗಿ ಹುಳುವಿಗೆ ಮನೆ ಕಟ್ಟುವ ರೈತ, ಅದೇ ದುಡ್ಡಿನಲ್ಲಿ ತನಗೆ ಮನೆ ಕಟ್ಟಿಸುವಾಗ ಮೇಲಿನ ಕಿಂಡಿ ಮುಚ್ಚಿಸಿ, ಫಾಲ್ಸ್ ಸೀಲಿಂಗ್ ಹಾಕಿಸಿ, ಏಸಿ ಪಾಯಿಂಟ್ ಇಡಿಸುತ್ತಾನೆ. ಆ ಹುಳುಮನೆಗಿಂತ ಒಳ್ಳೆಯ ಪಾಠ ಯಾವ ವಾಸ್ತುಶಿಲ್ಪಿಯ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ.

ಕೂಲರು ಈ ಒಣ ಸೀಮೆಗೆ ಹೇಳಿಮಾಡಿಸಿದ ಸಾಧನ. ನೀರು ಆವಿಯಾಗುವಾಗ ಗಾಳಿಯ ಕಾವನ್ನು ಹೀರುತ್ತದೆ. ಗಾಳಿ ಒಣಗಿದಷ್ಟೂ ತಂಪು ಹೆಚ್ಚು. ಮೇ ತಿಂಗಳ ಅಡ್ಡಮಳೆ ಶುರುವಾದರೆ ಅದರ ಆಟ ಮುಗಿಯಿತು. ಕಿಟಕಿ ತೆರೆದಿಟ್ಟೇ ಓಡಿಸಬೇಕು, ಇಲ್ಲದಿದ್ದರೆ ಕೋಣೆ ಬರೀ ಜಿಗುಟು. ಆದರೆ ಆವಿಯಾಗುವುದು ನೀರು ಮಾತ್ರ, ಉಪ್ಪು ಪ್ಯಾಡಿನಲ್ಲೇ ಉಳಿಯುತ್ತದೆ. ಬೋರಿನ ನೀರಿನ ಮನೆಯಲ್ಲಿ ಒಂದೇ ಬೇಸಿಗೆಗೆ ಪ್ಯಾಡು ಕಲ್ಲಾಗುವುದು ಇದಕ್ಕೇ. ಆರ್‌ಒ ಯಂತ್ರ ಹೊರಹಾಕುವ ನೀರು ದಂಡವಾಗುತ್ತದೆಂದು ಕೂಲರಿಗೆ ತುಂಬುವವರಿದ್ದಾರೆ. ಅದರಲ್ಲಿ ಉಪ್ಪು ಇನ್ನೂ ಹೆಚ್ಚು. ನೆಲ ಒರೆಸಲು ಬಳಸಿ. ತೊಟ್ಟಿಯ ತಳದ ನೀರನ್ನು ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ ಒಣಗಿಸಿದರೆ ಪ್ಯಾಡೂ ಬಾಳುತ್ತದೆ, ಡೆಂಗಿ ಸೊಳ್ಳೆಯೂ ಮೊಟ್ಟೆಯಿಡುವುದಿಲ್ಲ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿದಾಗ ಮನೆಯ ನಿಂತ ನೀರಿಗೆ ಮಾಲೀಕರೇ ಹೊಣೆ ಎಂಬುದೂ ಸೇರಿತ್ತು.

ಯಂತ್ರದ ತಂಪು ಈ ಜಿಲ್ಲೆಗೆ ಅಪರಿಚಿತವಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಕೆಜಿಎಫ್‌ನ ಚಿನ್ನದ ಗಣಿಗಳಿಗೆ ಬಂದಿತ್ತು. ಮೂರು ಕಿಲೋಮೀಟರಿಗೂ ಆಳ ಹೋದ ಚಾಂಪಿಯನ್ ರೀಫ್ ಗಣಿಯಲ್ಲಿ ಬಂಡೆಯೇ ಅರವತ್ತು ಡಿಗ್ರಿ ಮೀರಿ ಕಾದಿರುತ್ತಿತ್ತು. ಮೇಲೆ ಗಾಳಿಯನ್ನು ತಣಿಸಿ ಒಳಗೆ ತಳ್ಳುತ್ತಿದ್ದರು. ಅಲ್ಲಿ ಏಸಿ ಇಲ್ಲದೆ ಬದುಕಿರಲಿಲ್ಲ. ನಮ್ಮ ಮಲಗುವ ಕೋಣೆಗೆ ಆ ಅನಿವಾರ್ಯವೇನೂ ಬಂದಿಲ್ಲ, ಆದರೂ 2024ರ ಏಪ್ರಿಲಿನಲ್ಲಿ ಬೆಂಗಳೂರೇ 38 ಡಿಗ್ರಿ ದಾಟಿದ ಮೇಲೆ ಏಸಿ ಕೊಳ್ಳುವವರನ್ನು ದೂರಲು ನನಗೆ ಬಾಯಿಲ್ಲ.

ಕೊಂಡವರು ಕರೆಂಟಿನ ಲೆಕ್ಕವನ್ನು ಮಾತ್ರ ಮೊದಲೇ ಹಾಕಿಕೊಳ್ಳಲಿ. ಒಂದು ಟನ್ನಿನ ಇನ್ವರ್ಟರ್ ಏಸಿ ರಾತ್ರಿ ಎಂಟು ಗಂಟೆ ಓಡಿದರೆ ಐದಾರು ಯೂನಿಟ್, ತಿಂಗಳಿಗೆ ನೂರೈವತ್ತರ ಮೇಲೆ. 2023ರಲ್ಲಿ ಶುರುವಾದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಮಿತಿ 200 ಯೂನಿಟ್. ಅದನ್ನು ದಾಟಿದ ತಿಂಗಳು ಪೂರ್ತಿ ಬಿಲ್ಲು ನಮ್ಮ ತಲೆಗೇ. ಹೊಸ ಮನೆಗೆ ಹಿಂದಿನ ಬಳಕೆಯ ದಾಖಲೆ ಇಲ್ಲದ್ದರಿಂದ ರಾಜ್ಯದ ಸರಾಸರಿಯಾದ 53 ಯೂನಿಟ್ಟನ್ನೇ ಆಧಾರವಾಗಿ ಹಿಡಿಯಲಾಯಿತು, ಹಾಗಾಗಿ ಉಚಿತದ ಪಾಲೂ ಚಿಕ್ಕದು. 2020ರಿಂದ ಮಾರಾಟವಾಗುವ ಕೋಣೆಯ ಏಸಿಗಳು ತಾವಾಗಿ 24 ಡಿಗ್ರಿಗೆ ಶುರುವಾಗಬೇಕೆಂಬ ನಿಯಮವಿದೆ. ಅದನ್ನು ಹದಿನೆಂಟಕ್ಕೆ ಇಳಿಸಿ ರಗ್ಗು ಹೊದೆಯುವ ಬದಲು ಇಪ್ಪತ್ತಾರಕ್ಕೆ ಇಟ್ಟು ಫ್ಯಾನು ಹಾಕಿಕೊಂಡರೆ ನಿದ್ದೆಗೇನೂ ಕೊರತೆಯಿಲ್ಲ. ಫಿಲ್ಟರನ್ನು ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಮನೆಯವರೇ ತೊಳೆಯಬಹುದು. ಇಟ್ಟಿಗೆ ಗೂಡು, ಕ್ರಷರ್, ಹೆದ್ದಾರಿಯ ಹತ್ತಿರ ಇದ್ದರೆ ವಾರಕ್ಕೇ ತುಂಬಿರುತ್ತದೆ. ಹೊರಪೆಟ್ಟಿಗೆಯನ್ನು ಬೋರಿನ ನೀರಿನಿಂದ ಜೆಟ್ ಹೊಡೆದು ತೊಳೆದರೆ ಧೂಳು ಹೋಗಿ ಉಪ್ಪು ಕೂರುತ್ತದೆ. ಕಡೆಗೊಮ್ಮೆ ಮೆದು ನೀರು ಹಾಯಿಸಬೇಕು. ಆ ನೀರು ಎಲ್ಲಿಂದ? ಏಸಿಯ ಪೈಪಿನಿಂದಲೇ ತೊಟ್ಟಿಕ್ಕುತ್ತದೆ. ಗಾಳಿಯ ತೇವ ತಣಿದು ಇಳಿದ ಆ ನೀರಿನಲ್ಲಿ ಗಡುಸು ಇಲ್ಲವೇ ಇಲ್ಲ, ಮಳೆಯಿಲ್ಲದ ದಿನಗಳಲ್ಲಿ ಇಡೀ ಮನೆಯಲ್ಲಿ ಪುಕ್ಕಟೆ ಸಿಗುವ ಮೆದು ನೀರು ಅದೊಂದೇ. ಬಕೆಟ್ ಇಟ್ಟು ಹಿಡಿದುಕೊಳ್ಳಿ. ಯುಪಿಎಸ್ ಬ್ಯಾಟರಿಗೆ ಮಾತ್ರ ಹಾಕಬೇಡಿ. ಕಾಯಿಲಿನ ಲೋಹದ ಅಂಶ ಅದರಲ್ಲಿ ಇರಬಹುದು.

ಒಂದು ಮಾತು ಉಳಿಯಿತು. ಈ ಊರುಗಳಲ್ಲಿ ಮೊದಲ ಸಲ ಮನೆ ಕಟ್ಟಿಸಿದವರು ಅನೇಕ ಕಡೆ ಮೊದಲ ಸಲ ಬಾಡಿಗೆ ಕೊಡುವವರೂ ಆಗಿರುತ್ತಾರೆ. ಕೆಳಗೆ ತಾವು, ಮೇಲೆ ಕಾರ್ಖಾನೆಗೆ ಹೋಗುವ ಹುಡುಗಿಯರೋ ಹುಡುಗರೋ, ಒಂದು ಕೋಣೆಗೆ ನಾಲ್ಕು ಜನ. ನಾಲ್ವರ ಸಂಸಾರಕ್ಕೆಂದು ಹಾಕಿಸಿದ ಇನ್ನೂರು ಲೀಟರಿನ ಸೋಲಾರ್ ಬೆಳಗಿನ ಪಾಳಿಯವರಿಗೇ ಖಾಲಿಯಾಗುತ್ತದೆ, ಆಮೇಲೆ ಬಕೆಟ್ಟಿಗೆ ಕಾಯಿಲ್ ಇಳಿಯುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದವರು ಹಗಲು ಮಲಗುವುದು ಆ ಕಾದ ಸ್ಲ್ಯಾಬಿನ ಕೆಳಗೇ. ಕೊಳವೆ ತೊಳೆಸುವ ಖರ್ಚು ಯಾರದು, ಫಿಲ್ಟರ್ ಯಾರು ತೆಗೆಯಬೇಕು, ತಾರಸಿಗೆ ಸುಣ್ಣ ಯಾವ ತಿಂಗಳು, ಇದನ್ನು ಬಾಡಿಗೆ ಕರಾರಿನಲ್ಲೇ ಬರೆದಿಡಬಹುದು. ಹನ್ನೊಂದು ತಿಂಗಳ ಕರಾರು ಬರೆದುಕೊಡುವವರ ಅಚ್ಚು ನಮೂನೆಯಲ್ಲಿ ಮೊಳೆ ಹೊಡೆಯಬಾರದೆಂಬ ಷರತ್ತು ಇರುತ್ತದೆ, ಬಿಸಿನೀರಿನ ಬಗ್ಗೆ ಒಂದು ಸಾಲೂ ಇರುವುದಿಲ್ಲ.